ಪ್ರತಿಕ್ರಿಯೆ: ಕೂಡಿ ಕಲಿಯಲು ಯಾವ ವಿಷಯ?

ತಂಗಿ, ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಿರುವ ನೀವು, ಎಂಬಿಬಿಎಸ್ ಮತ್ತು ಫಾರ್ಮಸಿ ವಿದ್ಯಾರ್ಥಿಗಳ ಜೊತೆ ಕೂಡಿ ಕಲಿಯಲು ಯಾವ ವಿಷಯ ಆರಿಸಬೇಕೆಂದು ಕೇಳಿದ್ದೀರಿ. ಸಕ್ಕರೆ ಕಾಯಿಲೆಗೆ ಕೊಡುವ ಇನ್ಸುಲಿನ್ ಆರಿಸಿ.

ನಾನು ಬೀದರ್ ಕಡೆಯ ಫಾರ್ಮಸಿಸ್ಟ್. ಒಂದು ಮೇ ತಿಂಗಳಲ್ಲಿ ಹಳ್ಳಿಯ ಅಜ್ಜನೊಬ್ಬನಿಗೆ ವೈದ್ಯರು ಇನ್ಸುಲಿನ್ ಬರೆದರು, ನಾನು ‘ಫ್ರಿಜ್‌ನಲ್ಲಿ ಇಡಿ’ ಎಂದು ಹೇಳಿ ಕಳುಹಿಸಿದೆ. ಆತನ ಮನೆಯಲ್ಲಿ ಫ್ರಿಜ್ ಇಲ್ಲವೆಂಬುದು ವಾರ್ಡಿನ ಸಿಸ್ಟರ್‌ಗೆ ಗೊತ್ತಿತ್ತು. ಅವರನ್ನು ನಾವಿಬ್ಬರೂ ಕೇಳಿರಲೇ ಇಲ್ಲ! ಔಷಧ ತಂಪಾಗಿರಲು ಒಂದರೊಳಗೊಂದು ಎರಡು ಮಣ್ಣಿನ ಮಡಕೆ, ನಡುವೆ ಒದ್ದೆ ಮರಳು ಎಂಬ ಉಪಾಯವನ್ನು ಕೊನೆಗೆ ಹೇಳಿಕೊಟ್ಟವರೂ ಅವರೇ. ಬಿಸಿಗೆ ಇನ್ಸುಲಿನ್ ಕೆಡುತ್ತದೆ; ನಮ್ಮ ಬಿಸಿಲು ನಿಮಗೆ ಹೇಳಬೇಕೇ, ನಲವತ್ತು ಡಿಗ್ರಿ ದಾಟುತ್ತದೆ.

ಸಿರಿಂಜನ್ನೂ ಮೇಜಿನ ಮೇಲಿಡಿ. ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್‌ನ ಸಿರಿಂಜಿಗೆ ಕೆಂಪು ಮುಚ್ಚಳ, 100 ಯೂನಿಟ್‌ನದಕ್ಕೆ ಕಿತ್ತಳೆ. 100ರ ಔಷಧವನ್ನು 40ರ ಸಿರಿಂಜಿನ ಗುರುತು ನೋಡಿ ಎಳೆದರೆ ಬೇಕಾದದ್ದರ ಎರಡೂವರೆ ಪಟ್ಟು ಔಷಧ ದೇಹ ಸೇರುತ್ತದೆ. ಈ ತಪ್ಪು ಬರೆಯುವಾಗ, ಕೊಡುವಾಗ, ಚುಚ್ಚುವಾಗ ಎಲ್ಲಿ ಬೇಕಾದರೂ ನುಸುಳಬಹುದು. ಎಲ್ಲಿ ತಡೆಯಬಹುದಿತ್ತು ಎಂದು ಮೂವರೂ ವಾದಿಸಲಿ.

ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿ ಉಪನ್ಯಾಸ ಕೊಡಿಸಿದರೆ ಸಾಲದು. ಇಂಥ ಕೂಡಿ ಕಲಿಕೆಗೆಂದೇ ಇರುವ ವಿಶ್ವ ಆರೋಗ್ಯ ಸಂಸ್ಥೆಯ 2010ರ ಚೌಕಟ್ಟು ಹೇಳುವುದು ಒಬ್ಬರು ಇನ್ನೊಬ್ಬರ ಬಗ್ಗೆ, ಇನ್ನೊಬ್ಬರಿಂದ, ಇನ್ನೊಬ್ಬರ ಜೊತೆ ಕಲಿಯುವುದನ್ನು. ಆರೇಳು ಜನರ ಗುಂಪು ಸಾಕು. ಒಂದು ಕಿವಿಮಾತು: ಮೊದಲು ನರ್ಸಿಂಗ್‌ನವರು ಮಾತಾಡಲಿ, ಎಂಬಿಬಿಎಸ್‌ನವರು ಕೊನೆಗೆ. ಇಲ್ಲದಿದ್ದರೆ ಉಳಿದವರು ತಲೆಯಾಡಿಸಿ ಎದ್ದು ಹೋಗುತ್ತಾರೆ.