ಅರ್ಧ ಬಂದ ಬುದ್ಧಿ ಹಲ್ಲು: ಕೀಳಿಸಲೇಬೇಕಾ?

ಪ್ರಶ್ನೆ: ನನಗೆ 23 ವರ್ಷ, ಊರು ತೀರ್ಥಹಳ್ಳಿ ಹತ್ತಿರ. ಬಲಗಡೆ ಕೆಳದವಡೆಯಲ್ಲಿ ಬುದ್ಧಿ ಹಲ್ಲು ಅರ್ಧ ಮಾತ್ರ ಬಂದಿದೆ. ಎರಡು ತಿಂಗಳ ಹಿಂದೆ ವಸಡು ಊದಿತ್ತು, ಮಾತ್ರೆ ತಗೊಂಡ ಮೇಲೆ ಇಳಿಯಿತು. ಈಗ ಮತ್ತೆ ನೋವು. ಕೀಳಿಸಲೇಬೇಕಾ? ಮನೆಯಲ್ಲಿ ಅಡಿಕೆ ಕೊಯ್ಲು ಶುರುವಾಗಿದೆ, ಮುಗಿಯುವ ತನಕ ತಡೆಯಬಹುದಾ?

ಉತ್ತರ: ಒಂದೇ ಸಲ ಬಂದು ಹೋದ ನೋವಾಗಿದ್ದರೆ ಕಾದು ನೋಡಿ ಅನ್ನುತ್ತಿದ್ದೆ. ಎರಡು ತಿಂಗಳಲ್ಲಿ ಎರಡನೇ ಸಲ ಅಂದರೆ ಕೀಳಿಸುವುದೇ ವಾಸಿ. ಕೊನೆಯ ತೀರ್ಮಾನ ಮಾತ್ರ ಎಕ್ಸ್‌ರೇ ನೋಡಿದ ಮೇಲೆ.

ಅರ್ಧ ಬಂದ ಹಲ್ಲಿನ ಮೇಲೆ ವಸಡಿನ ಒಂದು ಪದರ ಮುಚ್ಚಿಕೊಂಡಿರುತ್ತದೆ. ಅದರಡಿ ಅನ್ನದ ಅಗುಳೋ ಅಡಿಕೆ ಚೂರೋ ಸೇರಿಕೊಂಡರೆ ಬ್ರಷ್‌ಗೆ ಸಿಗುವುದಿಲ್ಲ. ಅಲ್ಲೇ ಕೊಳೆತು ಕೀವಾಗುತ್ತದೆ. ಮಾತ್ರೆಯಿಂದ ಆ ಹೊತ್ತಿನ ಸೋಂಕು ತಗ್ಗುತ್ತದೆ, ಸಂದು ಹಾಗೇ ಉಳಿಯುತ್ತದೆ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅದೇ ಮಾತ್ರೆ ತರುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಅದು ಬೇಡ.

ಹಾಗಂತ ಎಲ್ಲರೂ ಬುದ್ಧಿ ಹಲ್ಲು ಕೀಳಿಸಬೇಕಿಲ್ಲ. ನೆಟ್ಟಗೆ ಬಂದು, ಉಜ್ಜಲು ಸಿಗುತ್ತಿದ್ದು, ತೊಂದರೆ ಕೊಡದಿದ್ದರೆ ಸುಮ್ನೆ ಬಿಡಬಹುದು. ಅಡ್ಡ ಮಲಗಿ ಪಕ್ಕದ ಹಲ್ಲಿಗೂ ಹುಳುಕು ಹಿಡಿಸಿದ್ದರೆ, ದವಡೆ ಮೂಳೆಯೊಳಗೆ ಗುಳ್ಳೆ ಬೆಳೆದಿದ್ದರೆ ಬಿಡುವ ಹಾಗಿಲ್ಲ. ಇಡೀ ದವಡೆ ಕಾಣುವ ಒಪಿಜಿ ಎಕ್ಸ್‌ರೇ ಮಾಡಿಸಿ. ಕೆಳದವಡೆಯ ನರ ಬೇರಿಗೆ ತೀರಾ ಹತ್ತಿರವಿದ್ದರೆ, ಕಿತ್ತ ಮೇಲೆ ತುಟಿ ಜೋಮು ಹಿಡಿಯುವ ಅಪಾಯ ಇರುತ್ತದೆ. ಇದನ್ನು ಡಾಕ್ಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಇನ್ನು ಕೊಯ್ಲು. ಮೊದಲು ಒಮ್ಮೆ ತೋರಿಸಿ, ಊತ ಇಳಿದರೆ ಕೆಲವು ವಾರ ತಡೆಯಬಹುದು. ಊಟವಾದ ಮೇಲೆಲ್ಲ ಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ. ಆದರೆ ಜ್ವರ ಬಂದರೆ, ನುಂಗಲು ಕಷ್ಟವಾದರೆ, ಊತ ಕುತ್ತಿಗೆಗೆ ಇಳಿದರೆ ಅವತ್ತೇ ಆಸ್ಪತ್ರೆಗೆ ಹೊರಡಿ. ಗೊನೆ ಇನ್ನೆರಡು ದಿನ ಮರದಲ್ಲೇ ಇರಲಿ.

ಕಿತ್ತ ದಿನ ಜೋರಾಗಿ ಉಗುಳಬೇಡಿ, ಮುಕ್ಕಳಿಸಬೇಡಿ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದರೆ ಎರಡು ಮೂರು ದಿನಕ್ಕೆ ಕಿವಿಯವರೆಗೂ ಹೊಡೆಯುವ ನೋವು ಶುರುವಾಗುತ್ತದೆ. ಆರಿದ ಗಂಜಿ, ತಂಬುಳಿ ಅನ್ನ ಸಾಕು. ಗಾಯ ಮಾಯುವ ತನಕ ಎಲೆ-ಅಡಿಕೆಯ ಕವಳ, ಬೀಡಿ ಬೇಡವೇ ಬೇಡ.

ನೀವು ಕೇಳದ ಒಂದು ವಿಷಯ. ನೋವು ಹೋದ ಮೇಲೂ ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯದಿದ್ದರೆ, ಖಾರ ತಿಂದರೆ ಬಾಯಿ ಉರಿದರೆ, ಕಾರಣ ಬೇರೆ ಇರಬಹುದು. ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಒಳಭಾಗ ನಾರುಗಟ್ಟಿ ಬಿಗಿಯುವುದುಂಟು. ಹಲ್ಲು ತೋರಿಸಲು ಹೋದಾಗ ಅದನ್ನೂ ನೋಡಲು ಹೇಳಿ.