ಐದು ತಾಸು ನಿದ್ದೆ ‘ಅಭ್ಯಾಸವಾಗಿದೆ’ ಎನ್ನುವವರಿಗೆ

ಪ್ರಶ್ನೆ: ರಾತ್ರಿ ಹನ್ನೆರಡೂವರೆಗೆ ಮಲಗಿ ಐದೂವರೆಗೆ ಏಳುತ್ತೇನೆ. ವರ್ಷಗಳಿಂದ ಅಭ್ಯಾಸವಾಗಿದೆ. ಈಚೆಗೆ ಮಗಳು ಹಾಲು ಚೆಲ್ಲಿದರೂ ಕೈ ಎತ್ತುವಷ್ಟು ಸಿಟ್ಟು, ಆಮೇಲೆ ಅಳು. ಬಿಪಿ, ಥೈರಾಯ್ಡ್ ನಾರ್ಮಲ್. ನರದ ದೌರ್ಬಲ್ಯವೇ? (ಶಿಕ್ಷಕಿ, ದಾವಣಗೆರೆ)

ಉತ್ತರ: ‘ನರದ ದೌರ್ಬಲ್ಯ’ ಎಂದು ಟಾನಿಕ್ ಮಾರುವವರ ಮಾತು ಬಿಡಿ. ‘ಅಭ್ಯಾಸವಾಗಿದೆ’ ಎಂಬ ಮಾತನ್ನಂತೂ ಕೇಳಿ ಕೇಳಿ ಸಾಕಾಗಿದೆ. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 14 ದಿನ ಆರೇ ತಾಸು ಮಲಗಿದವರ ಗಮನಶಕ್ತಿ ದಿನದಿನಕ್ಕೂ ಕುಸಿಯಿತು. ಆದರೆ ತಮಗೆ ನಿದ್ದೆ ಸಾಲುತ್ತಿಲ್ಲವೆಂಬುದು ಅವರಿಗೇ ಅಷ್ಟಾಗಿ ಗೊತ್ತಾಗಲಿಲ್ಲ. ಅಭ್ಯಾಸವಾಗಿದ್ದು ಸುಸ್ತು, ನಿದ್ದೆಗೇಡಲ್ಲ.

ಇನ್ನು ಸಿಟ್ಟು. ಮಿದುಳಿನ ಆಳದಲ್ಲಿರುವ ಅಮಿಗ್ಡಲಾ ಅಪಾಯ ಕಂಡೊಡನೆ ಕೆರಳುತ್ತದೆ. ‘ಚೆಲ್ಲಿದ್ದು ಹಾಲು ತಾನೇ’ ಎಂದು ಅದನ್ನು ತಡೆಯುವುದು ಹಣೆಯ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸ್. 2007ರಲ್ಲಿ ನಿದ್ರಾ ವಿಜ್ಞಾನಿ ಮ್ಯಾಥ್ಯೂ ವಾಕರ್ ತಂಡ ಸುಮಾರು 35 ತಾಸು ಎಚ್ಚರವಿದ್ದವರಿಗೆ ಕೆಟ್ಟ ಚಿತ್ರಗಳನ್ನು ತೋರಿಸಿ ಸ್ಕ್ಯಾನ್ ಮಾಡಿತು. ನಿದ್ದೆ ಮಾಡಿದವರಿಗಿಂತ ಅಮಿಗ್ಡಲಾ ಶೇ 60ರಷ್ಟು ಹೆಚ್ಚು ಕೆರಳಿತ್ತು, ಕಾರ್ಟೆಕ್ಸ್ ಜೊತೆಗಿನ ಅದರ ಸಂಪರ್ಕ ಸಡಿಲವಾಗಿತ್ತು. ‘ನಾನೇನು ರಾತ್ರಿಯಿಡೀ ಎಚ್ಚರವಿರುತ್ತೇನಾ?’ ಎನ್ನಬೇಡಿ. ಐದು ದಿನ ನಾಲ್ಕು ತಾಸು ಮಲಗಿದವರಲ್ಲೂ ಭಯದ ಮುಖಗಳಿಗೆ ಅಮಿಗ್ಡಲಾ ಹೆಚ್ಚು ಕೆರಳಿದ್ದನ್ನು ಜಪಾನಿನವರು 2013ರಲ್ಲಿ ತೋರಿಸಿದ್ದಾರೆ.

ಕನಸಿನ ನಿದ್ದೆ ಹೆಚ್ಚಾಗಿ ಬರುವುದು ನಿದ್ದೆಯ ಕೊನೆಯ ತಾಸುಗಳಲ್ಲಿ. ನೀವು ಕತ್ತರಿಸುತ್ತಿರುವುದೂ ಅದನ್ನೇ. ಹಗಲಿನ ಕಹಿ ತಣಿಯಲು ಆ ನಿದ್ದೆ ನೆರವಾಗುತ್ತದೆಂದು ನನ್ನಂತೆ ಅನೇಕರು ನಂಬುತ್ತಾರೆ.

ಹನ್ನೊಂದರ ಮೇಲೆ ಪಾತ್ರೆ ತೊಳೆದು ಹಿಟ್ಟು ರುಬ್ಬುವವರು ನೀವೇ ಆಗಿದ್ದರೆ ಆ ಕೆಲಸ ಯಜಮಾನರಿಗೆ ಬಿಡಿ. ನಾನು ಬರೆದುಕೊಡುವ ಯಾವ ಮಾತ್ರೆಗಿಂತಲೂ ಅದು ಮೇಲು. ಮೂರು ವಾರ ಏಳು ತಾಸು ಮಲಗಿ ನೋಡಿ. ಆಗಲೂ ಅಳು ನಿಲ್ಲದಿದ್ದರೆ ಮನೋವೈದ್ಯರನ್ನು ಕಾಣಿ. ಖಿನ್ನತೆಯೂ ಹೀಗೇ ಕಾಣಿಸಿಕೊಳ್ಳುತ್ತದೆ. ಬದುಕೇ ಬೇಡವೆನಿಸಿದರೆ ಮೂರು ವಾರ ಕಾಯಬೇಡಿ, ಕೂಡಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಪ್ರಶ್ನೆ: ಭಾನುವಾರ ಹತ್ತರವರೆಗೆ ಮಲಗಿದರೆ ಬಾಕಿ ತೀರುತ್ತದೆಯೇ?

ಉತ್ತರ: ಪೂರ್ತಿ ತೀರದು.

ಪ್ರಶ್ನೆ: ಮಲಗುವ ಮುಂಚೆ ಒಂದು ಪೆಗ್?

ಉತ್ತರ: ಬೇಡ. ಬೇಗ ಬಂದ ನಿದ್ದೆ ನಡುರಾತ್ರಿ ಒಡೆಯುತ್ತದೆ.

ಪ್ರಶ್ನೆ: ನಿದ್ದೆಗೆಂದು ಮೆಡಿಕಲ್ ಶಾಪಿನವರು ಕೊಟ್ಟ ಆಲ್ಪ್ರಜೋಲಾಮ್ ಮಾತ್ರೆ ಆರು ತಿಂಗಳಿಂದ ನುಂಗುತ್ತಿದ್ದೇನೆ. ನಿಲ್ಲಿಸಲೇ?

ಉತ್ತರ: ಚೀಟಿಯಿಲ್ಲದೆ ಅದನ್ನು ಮಾರುವುದೇ ಅಪರಾಧ. ಆದರೆ ಈಗ ತಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಈ ವಾರವೇ ವೈದ್ಯರನ್ನು ಕಂಡು ಹಂತಹಂತವಾಗಿ ಇಳಿಸಿ.