ಎಸ್‌ಜಿಪಿಟಿ ಸರಿಯಿದ್ದರೂ ಫ್ಯಾಟಿ ಲಿವರ್‌ಗೆ ಮುಂದಿನ ಪರೀಕ್ಷೆ ಬೇಕೇ?

ಮಧುಮೇಹವಿರುವ ನಿಮ್ಮ ತಂದೆಯವರಿಗೆ, ವಯಸ್ಸು 52, ಸ್ಕ್ಯಾನಿನಲ್ಲಿ ಫ್ಯಾಟಿ ಲಿವರ್ ಕಂಡಿದ್ದರೂ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ (ಯಕೃತ್ತಿನ ಒಂದು ಕಿಣ್ವ) ಸರಿಯಿರುವುದರಿಂದ ನಿಶ್ಚಿಂತರಾಗಿರಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಸುಮ್ಮನಾಗಬೇಡಿ. ಕೊಬ್ಬಿಗಿಂತ ಹೆಚ್ಚು ಅಪಾಯಕಾರಿಯಾದದ್ದು ಯಕೃತ್ತು ನಾರುಗಟ್ಟುವ ಫೈಬ್ರೋಸಿಸ್. ಅದು ಎಸ್‌ಜಿಪಿಟಿ ಏರದೆಯೂ ಮುಂದುವರಿಯಬಲ್ಲದು, ಮತ್ತು ಸಾಮಾನ್ಯ ಅಲ್ಟ್ರಾಸೌಂಡ್ ಅದರ ಆರಂಭವನ್ನು ತೋರಿಸುವುದಿಲ್ಲ.

ಫೈಬ್ರೋಸಿಸ್‌ನ ಅಪಾಯವನ್ನು ಅಂದಾಜಿಸಲು ಫಿಬ್-4 ಎಂಬ ಲೆಕ್ಕವಿದೆ. ವಯಸ್ಸನ್ನು ಎಸ್‌ಜಿಒಟಿ ಎಂಬ ಇನ್ನೊಂದು ಕಿಣ್ವದ ಅಂಕಿಯಿಂದ ಗುಣಿಸಿ, ಬಂದದ್ದನ್ನು ಸಾವಿರಗಳಲ್ಲಿ ಬರೆದ ಪ್ಲೇಟ್‌ಲೆಟ್ ಸಂಖ್ಯೆಯಿಂದಲೂ ಎಸ್‌ಜಿಪಿಟಿಯ ವರ್ಗಮೂಲದಿಂದಲೂ ಭಾಗಿಸಬೇಕು. ನೀವು ಕೊಟ್ಟಿರುವ ಎಸ್‌ಜಿಒಟಿ 40, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1,60,000 ಇವು ಮೂರೂ ಲ್ಯಾಬಿನ ಮಿತಿಯೊಳಗೇ ಇವೆ. ಆದರೂ ಉತ್ತರ ಸುಮಾರು 2.2 ಬರುತ್ತದೆ. ಈ ವಯಸ್ಸಿನಲ್ಲಿ 1.3 ದಾಟಿದರೆ ಮುಂದಿನ ಪರೀಕ್ಷೆ ಅಗತ್ಯ.

ಆ ಪರೀಕ್ಷೆ ಫೈಬ್ರೋಸ್ಕ್ಯಾನ್. ಬಲಗಡೆಯ ಪಕ್ಕೆಲುಬುಗಳ ನಡುವೆ ಪ್ರೋಬ್ ಇಟ್ಟು, ಸಣ್ಣ ಕಂಪನವೊಂದು ಯಕೃತ್ತಿನಲ್ಲಿ ಸಾಗುವ ವೇಗದಿಂದ ಅದರ ಗಡಸುತನವನ್ನು ಅಳೆಯುತ್ತಾರೆ; 8 ಕಿಲೋಪಾಸ್ಕಲ್‌ಗಿಂತ ಕಡಿಮೆ ಬಂದರೆ ಮುಂದುವರಿದ ಫೈಬ್ರೋಸಿಸ್ ಇರುವ ಸಾಧ್ಯತೆ ಕಡಿಮೆ. ಊಟ ಮಾಡಿ ಹೋದರೆ ಅಂಕಿ ಏರುವುದರಿಂದ ಕನಿಷ್ಠ 3 ಗಂಟೆ ಏನೂ ತಿಂದಿರಬಾರದು. ಜೊತೆಗೆ ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ನೋಡುವಾಗ ಹಿಮೋಗ್ಲೋಬಿನ್ ಕೂಡ ನೋಡಿಸಿ. ಕಬ್ಬಿಣದ ಕೊರತೆಯ ರಕ್ತಹೀನತೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ತೋರಬಹುದು.